ಹಬ್ಬಕ್ಕೆ ಮುಂಚೆ ಒಂದು ಲೆಕ್ಕ

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ, ಹಬ್ಬ ಬಂತೆಂದರೆ ಒಡವೆ ಅಡವಿಡುವವರನ್ನು ದಿನವೂ ನೋಡುತ್ತಿದ್ದೆ. ಒಂದು ವರ್ಷ ನಾನೂ ಹೆಂಡತಿಯ ಓಲೆ ಅಡವಿಟ್ಟು ಕ್ರಿಸ್‌ಮಸ್ ಮಾಡಿದೆ. ಹಬ್ಬ ಒಂದೇ ದಿನ. ಓಲೆ ಬಿಡಿಸಲು ಹನ್ನೊಂದು ತಿಂಗಳು. ಅಷ್ಟು ದಿನವೂ ಅವಳು ಬರಿಗಿವಿಯಲ್ಲೇ ಚರ್ಚಿಗೆ ಬಂದಳು, ಒಂದು ಮಾತೂ ಆಡಲಿಲ್ಲ.

ಆಮೇಲಿಂದ ಹುಣಸೂರಿನ ನಮ್ಮ ಮನೆಯಲ್ಲಿ ಜನವರಿಯಿಂದಲೇ ಹಬ್ಬದ ಡಬ್ಬಿ. ಈಗ ತಿಂಗಳಿಗೆ 400 ರೂಪಾಯಿ. ನವೆಂಬರ್ ಕೊನೆಗೆ 4,400. ಊಟಕ್ಕೆ 2,000, ಕಲ್‌ಕಲ್, ಚಕ್ಕುಲಿ ಮುಂತಾದ ತಿಂಡಿಗೆ 1,200, ಉಡುಗೊರೆಗೆ 900, ಮರೆತ ಖರ್ಚಿಗೆ 300. ಮಕ್ಕಳೇ, ನೀವೇ ಕೂಡಿ ನೋಡಿ!

ಡಿಸೆಂಬರಿನಲ್ಲಿ ನಮ್ಮ ಕಡೆ ಸೊಗಡಿನ ಅವರೆಯ ಕಾಲ. ಆದ್ದರಿಂದ ಕೋಳಿ ಪಲಾವು ಸ್ವಲ್ಪ, ಹಿತಕಿದವರೆ ಸಾರು ಧಾರಾಳ. ನೆನೆಸಿದ ಕಾಳು ಹಿತುಕುವುದು ಮೊಮ್ಮಕ್ಕಳ ಕೆಲಸ. ದೀಪಾವಳಿಗೆ ಕಜ್ಜಾಯ ಕೊಟ್ಟ ನೆರೆಮನೆಗೆ ನಮ್ಮ ಕಲ್‌ಕಲ್ ತಟ್ಟೆ ಹೋಗಲೇಬೇಕು. ಅದರಲ್ಲಿ ಮಾತ್ರ ಉಳಿತಾಯವಿಲ್ಲ.

ಉಡುಗೊರೆಗೆ ಒಂಬತ್ತು ಜನರ ಹೆಸರು ಬರೆದು ಚೀಟಿ ಎತ್ತುತ್ತೇವೆ. ಬಂದ ಹೆಸರಿನವರಿಗಷ್ಟೇ ಉಡುಗೊರೆ, ನೂರು ರೂಪಾಯಿಯೊಳಗೆ.

ಕಳೆದ ವರ್ಷ ಮೊಮ್ಮಗಳಿಗೆ ಅಜ್ಜಿಯ ಹೆಸರು ಬಂತು. ಸಂತೆಯಿಂದ 60 ರೂಪಾಯಿಯ ಮಣಿಯ ಓಲೆ ತಂದಳು. ಹಳೆಯ ಕಥೆ ಅವಳಿಗೆ ಗೊತ್ತಿರಲಿಲ್ಲ. ಅಜ್ಜಿ ಚಿನ್ನದ್ದನ್ನು ಬಿಚ್ಚಿಟ್ಟು, ಅದನ್ನೇ ಹಾಕಿಕೊಂಡು ಚರ್ಚಿಗೆ ಹೊರಟಳು.