ಹೆಲ್ಸಿಂಕಿಯಿಂದ ಟೋಕಿಯೊ ಎಷ್ಟು ದೂರ?

ಫಿನ್ಲೆಂಡಿನ ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೊಗೆ ನೇರ ಆಕಾಶದೂರ ಸುಮಾರು 7,800 ಕಿಲೋಮೀಟರ್. ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಹಾರುವ ಜೆಟ್ ವಿಮಾನಕ್ಕೆ ಅದು ಹೆಚ್ಚುಕಡಿಮೆ 9 ತಾಸಿನ ಹಾದಿ. 2022ರ ಆರಂಭದವರೆಗೆ ಪ್ರಯಾಣಿಕರು ಅಷ್ಟೇ ಹೊತ್ತಿಗೆ ತಲುಪುತ್ತಿದ್ದರು. ಆ ವರ್ಷದ ಮಾರ್ಚ್‌ನಿಂದ ಅದೇ ಎರಡು ಊರುಗಳ ನಡುವೆ ಸುಮಾರು 13 ತಾಸು ಬೇಕಾಗತೊಡಗಿತು. ಕಾರಣ ರಷ್ಯಾ. ಗೋಲದ ಮೇಲೆ ಈ ಎರಡು ಊರುಗಳನ್ನು ಸೇರಿಸುವಂತೆ ದಾರ ಎಳೆದರೆ ಅದು ಸೈಬೀರಿಯಾದ ಮೇಲೆ ಹಾಯುತ್ತದೆ. ಉಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನ ದೇಶಗಳು ರಷ್ಯಾದ ವಿಮಾನಗಳಿಗೆ ತಮ್ಮ ಆಕಾಶ ಮುಚ್ಚಿದವು, ರಷ್ಯಾ ಅವರ ವಿಮಾನಗಳಿಗೆ ತನ್ನದನ್ನು ಮುಚ್ಚಿತು. ಫಿನ್ಲೆಂಡಿನ ವಿಮಾನ ಕಂಪನಿ ಫಿನ್ಏರ್‌ನ ವಿಮಾನಗಳು ಉತ್ತರ ಧ್ರುವದ ಮೇಲೆ ಹಾದು ಅಲಾಸ್ಕಾ ಕಡೆಯಿಂದಲೋ, ದಕ್ಷಿಣಕ್ಕೆ ಇಳಿದು ಮಧ್ಯ ಏಷ್ಯಾದ ಮೇಲಿಂದಲೋ ಸುತ್ತಬೇಕಾಯಿತು. ದೂರದ ಊರುಗಳ ನಡುವಿನ ಪ್ರಯಾಣದ ಹೊತ್ತನ್ನು ಕಿಲೋಮೀಟರ್ ಲೆಕ್ಕವೊಂದೇ ನಿರ್ಧರಿಸುವುದಿಲ್ಲ. ನಡುವಿನ ದೇಶಗಳು ಕೊಡುವ ಅನುಮತಿಯ ಪಾಲೂ ಅದರಲ್ಲಿ ದೊಡ್ಡದು. ಅಂತರರಾಷ್ಟ್ರೀಯ ವಿಮಾನಯಾನ ಕುರಿತ 1944ರ ಷಿಕಾಗೊ ಒಪ್ಪಂದದ ಮೊದಲ ವಿಧಿಯೇ ತನ್ನ ನೆಲದ ಮೇಲಿನ ಆಕಾಶಕ್ಕೆ ಆಯಾ ದೇಶವನ್ನು ಸಂಪೂರ್ಣ ಒಡೆಯನನ್ನಾಗಿ ಮಾಡಿದೆ.

ಇದು ಯುದ್ಧಕಾಲದ ಅಪವಾದ, ಇಂಥದ್ದನ್ನೇ ನಿಯಮವೆನ್ನುವುದು ಅತಿಯಾಯಿತು ಎಂದು ಯಾರಾದರೂ ಹೇಳಬಹುದು. ಆದರೆ 1983ರಲ್ಲಿ ಇದೇ ಫಿನ್ಏರ್ ಹೆಲ್ಸಿಂಕಿ–ಟೋಕಿಯೊ ತಡೆರಹಿತ ಹಾರಾಟ ಆರಂಭಿಸಿದಾಗಲೂ ಸೋವಿಯತ್ ಆಕಾಶವನ್ನು ತಪ್ಪಿಸಿ ಧ್ರುವದ ಮೇಲೆ, ಬೇರಿಂಗ್ ಜಲಸಂಧಿಯ ಮೂಲಕ ಹೋಗಿತ್ತು. ಆಗ ಹಿಡಿದದ್ದೂ ಸುಮಾರು 13 ತಾಸು. ನಾಲ್ಕು ದಶಕಗಳಲ್ಲಿ ಎಂಜಿನ್ ಸುಧಾರಿಸಿತು, ಇಂಧನದ ಖರ್ಚು ತಗ್ಗಿತು; ಆಕಾಶದ ಬಾಗಿಲು ಮುಚ್ಚಿದೊಡನೆ ಹೊತ್ತು ಮಾತ್ರ ಹಳೆಯ ಲೆಕ್ಕಕ್ಕೇ ಮರಳಿತು. ಹೆಚ್ಚು ವೇಗದ ವಿಮಾನ ಬಂದರೆ ಸರಿಹೋಗುತ್ತದೆ ಎಂಬ ಆಸೆಗೂ ಸದ್ಯ ಆಧಾರ ಕಡಿಮೆ. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾನ್‌ಕಾರ್ಡ್ 2003ರಲ್ಲಿ ನಿವೃತ್ತವಾಯಿತು. ಇಂದಿನ ಪ್ರಯಾಣಿಕ ಜೆಟ್‌ಗಳ ವೇಗ ಐವತ್ತು ವರ್ಷಗಳ ಹಿಂದಿನದಕ್ಕಿಂತ ಹೆಚ್ಚೇನಿಲ್ಲ.

ಗಾಳಿಯ ಮಾತು ಬೇರೆ, ಅದನ್ನು ತಳ್ಳಿಹಾಕಲಾಗದು. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಎತ್ತರದ ಜೆಟ್ ಗಾಳಿಯಿಂದಾಗಿ ಹೋಗುವ ಹೊತ್ತು, ಬರುವ ಹೊತ್ತು ಒಂದೇ ಇರುವುದಿಲ್ಲ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಬೆಂಬಲ ಸಿಕ್ಕ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 5 ತಾಸಿನೊಳಗೆ ತಲುಪಿತು. ಆದರೆ ಒಂದೇ ಮಾರ್ಗದಲ್ಲಿ ಹಾರುವ ಎಲ್ಲ ಕಂಪನಿಗಳಿಗೂ ಗಾಳಿ ಒಂದೇ. ಅನುಮತಿ ಹಾಗಲ್ಲ. ಚೀನಾದ ವಿಮಾನಗಳು ಇಂದಿಗೂ ಸೈಬೀರಿಯಾದ ಮೇಲಿಂದ ಯುರೋಪಿಗೆ ಹೋಗುತ್ತವೆ, ಯುರೋಪಿನವು ಸುತ್ತಿ ಬರುತ್ತವೆ. ಟಿಕೆಟ್ ದರದಲ್ಲಿ, ಇಂಧನದಲ್ಲಿ, ಸಿಬ್ಬಂದಿಯ ದುಡಿಮೆಯ ಅವಧಿಯಲ್ಲಿ ಈ ತಾರತಮ್ಯ ದಿನವೂ ಕಾಣುತ್ತದೆ. ಹೆಚ್ಚುವರಿ ದೂರಕ್ಕೆಂದು ತುಂಬಿದ ಇಂಧನವನ್ನು ಹೊರುವುದಕ್ಕೇ ಮತ್ತಷ್ಟು ಇಂಧನ ಉರಿಯುತ್ತದೆ.

ನಮ್ಮ ಜನಕ್ಕೂ ಇದು ದೂರದ ಮಾತಲ್ಲ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 14,000 ಕಿಲೋಮೀಟರ್. 2021ರ ಜನವರಿಯಲ್ಲಿ ಏರ್ ಇಂಡಿಯಾ ತಡೆರಹಿತ ಹಾರಾಟ ಆರಂಭಿಸಿದಾಗ ಸುಮಾರು 17 ತಾಸಿನ ಪ್ರಯಾಣ. ಮರುವರ್ಷ ರಷ್ಯಾದ ಆಕಾಶ ಮುಚ್ಚಿದಾಗ ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ನೇರ ಹಾರಾಟವನ್ನು ನಿಲ್ಲಿಸಿತು. ಭಾರತದ ವಿಮಾನಗಳಿಗೆ ಆ ತಡೆ ಇರಲಿಲ್ಲ, ದೆಹಲಿಯಿಂದ ಏರ್ ಇಂಡಿಯಾ ಹಾರುತ್ತಲೇ ಇತ್ತು.