ಹಳೆಯ ಕಾರಿನ ಮಂಕು ದೀಪ

ಉತ್ತರಪಾಡಾದ ಕಾರ್ಖಾನೆಯಲ್ಲಿ 1957ರಿಂದ 2014ರವರೆಗೆ ತಯಾರಾದ ಅಂಬಾಸಡರ್ ಕಾರು ಇನ್ನೂ ನಮ್ಮ ರಸ್ತೆಗಳಿಂದ ಪೂರ್ತಿಯಾಗಿ ಮರೆಯಾಗಿಲ್ಲ. ಅಕ್ಕರೆಯಿಂದ ಅದನ್ನು ಉಳಿಸಿಕೊಂಡವರ ದೂರೊಂದುಂಟು: ಎಂಜಿನ್ ಗಟ್ಟಿಯಾಗಿದೆ, ಹೆಡ್‌ಲೈಟು ಮಾತ್ರ ಮಂಕು. ಇದು ಅಲಕ್ಷಿಸುವ ವಿಷಯವಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ರಸ್ತೆಯಂಚಿನಲ್ಲಿ ನಡೆಯುವವನು ಒಂದು ಕ್ಷಣ ತಡವಾಗಿ ಕಂಡರೂ ಅನಾಹುತವೇ ಸರಿ.

ದೀಪ ಮಂಕಾದೊಡನೆ ಹೆಚ್ಚು ವಾಟಿನ ಬಲ್ಬು ಹಾಕಿಸುವುದು ರೂಢಿ. ಆದರೆ ದೋಷ ಅನೇಕ ವೇಳೆ ಬಲ್ಬಿನದಲ್ಲ, ವಿದ್ಯುತ್ತಿನ ಹಾದಿಯದು. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಸ್ವಿಚ್ಚು, ಡಿಪ್ಪರ್, ಹಲವು ಜೋಡಣೆಗಳನ್ನು ದಾಟಿ ಬಲ್ಬನ್ನು ಸೇರುತ್ತದೆ. ಬಳಿಕ ಕಾರಿನ ಲೋಹದ ಮೈಯ ಮೂಲಕ ಬ್ಯಾಟರಿಗೆ ಮರಳುತ್ತದೆ. ಈ ಮರುಹಾದಿಯನ್ನೇ ಮೆಕ್ಯಾನಿಕರು 'ಅರ್ತ್' ಎನ್ನುವುದು. ತುಕ್ಕು, ಬಣ್ಣ, ಸಡಿಲವಾದ ತಿರುಪು, ಇವೆಲ್ಲ ಹಾದಿಗೆ ತಡೆ. ಬಲ್ಬಿಗೆ ಹರಿಯುವ ವಿದ್ಯುತ್ತು 5 ಆಂಪಿಯರ್ ಎನ್ನೋಣ; 0.2 ಓಮಿನಷ್ಟು ತಡೆಯೇ 1 ವೋಲ್ಟನ್ನು ನುಂಗುತ್ತದೆ. ವೋಲ್ಟೇಜು ಹತ್ತನೆಯ ಒಂದು ಪಾಲು ಇಳಿದರೆ ಬೆಳಕು ಅಷ್ಟೇ ಇಳಿಯುವುದಿಲ್ಲ; ಸುಮಾರು ಮೂರರಲ್ಲೊಂದು ಪಾಲು ಕುಗ್ಗುತ್ತದೆ. ಹೆಚ್ಚು ವಾಟಿನ ಬಲ್ಬು ಹೆಚ್ಚು ವಿದ್ಯುತ್ತನ್ನು ಸೆಳೆಯುವುದರಿಂದ ನಷ್ಟವೂ ಹೆಚ್ಚು; ಹಳೆಯ ತಂತಿ, ಸ್ವಿಚ್ಚುಗಳು ಕಾದು ಸುಡುವ ಭಯ ಬೇರೆ.

ಆದುದರಿಂದ ಪರೀಕ್ಷೆ ಕ್ರಮವಾಗಿ ನಡೆಯಬೇಕು. ಎಂಜಿನ್ನಿನ ವೇಗ ಹೆಚ್ಚಿಸಿದಾಗ ಎರಡು ದೀಪಗಳೂ ಎದ್ದು ಕಾಣುವಂತೆ ಬೆಳಗಿದರೆ ಡೈನಮೋ, ಬ್ಯಾಟರಿ ಮತ್ತು ಅದರ ತುದಿಗಳನ್ನು ನೋಡಬೇಕು. ಎರಡೂ ಬದಿಯಲ್ಲಿ ಡಿಪ್ ಮಾತ್ರ ಉರಿಯದಿದ್ದರೆ ಸಂಶಯ ಡಿಪ್ಪರಿನ ಮೇಲೆ. ಒಂದೇ ದೀಪ ಮಂಕಾಗಿದ್ದರೆ ಅದರ ಅರ್ತನ್ನು ಮೊದಲು ಶಂಕಿಸಿ. ದೀಪ ಉರಿಯುತ್ತಿರುವಾಗ, ಕಾರಿನ ಮೈಗೆ ಜೋಡಿಸಿರುವ ಬ್ಯಾಟರಿ ತುದಿಯಿಂದ ಬಲ್ಬಿನ ಅರ್ತ್ ಕೊನೆಗೆ ಒಂದು ತಂತಿ ಹಿಡಿಯಿರಿ. ಬೆಳಕು ಥಟ್ಟನೆ ಏರಿದರೆ ರೋಗ ಸಿಕ್ಕಿತು. ಆ ಜೋಡಣೆಯನ್ನು ಬಿಚ್ಚಿ, ಲೋಹ ಹೊಳೆಯುವಂತೆ ಉಪ್ಪುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದರೆ ಸಾಕು.

ಅರ್ತ್ ಸರಿಯಿದ್ದೂ ಬಲ್ಬಿನ ಬಳಿ ವೋಲ್ಟೇಜು ಕಡಮೆಯಾದರೆ ಕೊರತೆ ಬರುವ ಹಾದಿಯಲ್ಲಿದೆ. ಅದಕ್ಕೆ ಸರಿಯಾದ ಮದ್ದು ರಿಲೇ: ಹಳೆಯ ಸ್ವಿಚ್ಚು ಸನ್ನೆಯನ್ನಷ್ಟೇ ಕೊಡುತ್ತದೆ, ವಿದ್ಯುತ್ತು ಬ್ಯಾಟರಿಯಿಂದ ದಪ್ಪ ತಂತಿಯಲ್ಲಿ ಫ್ಯೂಸಿನ ಮೂಲಕ ನೇರವಾಗಿ ಬರುತ್ತದೆ. ಫ್ಯೂಸು ಹೋದಾಗ ಬರಿಯ ತಂತಿಯ ಚೂರು ಸುತ್ತುವುದು ಬೆಂಕಿಯನ್ನು ಮನೆಗೆ ಕರೆದಂತೆ.

ಇಷ್ಟಾದ ಮೇಲೂ ಬೆಳಕು ಸಾಲದಿದ್ದರೆ ಒಳಗಿನ ಪ್ರತಿಫಲಕ ಕಪ್ಪಾಗಿರಬಹುದು. ಅದನ್ನು ಒರೆಸಿ ಫಲವಿಲ್ಲ, ಬದಲಿಸಲೇಬೇಕು. ಕಡೆಗೆ ಡಿಪ್ಪಿನ ಕಿರಣ ಎದುರು ಬರುವವರ ಕಣ್ಣಿಗೆ ಹೊಡೆಯದಂತೆ ಹೊಂದಿಸಿಕೊಳ್ಳಿ. ನಮಗೆ ದಾರಿ ಕಂಡರಷ್ಟೇ ಸಾಲದು, ಎದುರಿನವರಿಗೂ ಕಾಣಬೇಕಲ್ಲವೆ?