ಕೋಣೆಯ ಹೊರಗಿದ್ದವರ ಒಪ್ಪಿಗೆ

ಸಾಮಾನ್ಯ ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ, ಅವರಿಗೆ ಬೇರೆಯಾಗಿ ಪಾಠ ಹೇಳಿಕೊಡುವುದು ಹೇಗೆಂದು ಯೋಚಿಸಲು ಫ್ರಾನ್ಸ್ 1904ರಲ್ಲಿ ಒಂದು ಆಯೋಗವನ್ನು ನೇಮಿಸಿತು. ಮರುವರ್ಷ ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ ಅದಕ್ಕೊಂದು ಪರೀಕ್ಷೆ ರೂಪಿಸಿದರು. ಬುದ್ಧಿ ಹುಟ್ಟಿನಿಂದಲೇ ಇಷ್ಟು ಎಂದು ನಿಗದಿಯಾಗಿರುತ್ತದೆ ಎಂಬ ವಾದವನ್ನು ಬಿನೆ 1909ರಲ್ಲೇ ಖಂಡಿಸಿದ್ದರು. ಎರಡು ವರ್ಷಗಳಲ್ಲಿ ತೀರಿಕೊಂಡರು. ಅಷ್ಟರಲ್ಲಿ ಪರೀಕ್ಷೆ ಅಟ್ಲಾಂಟಿಕ್ ದಾಟಿತ್ತು, ಎಚ್ಚರಿಕೆ ದಾಟಿರಲಿಲ್ಲ. ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಶಾಲೆಯ ಹೆನ್ರಿ ಗಾಡರ್ಡ್ ಅದನ್ನು ಎಲ್ಲಿಸ್ ದ್ವೀಪಕ್ಕೆ ಒಯ್ದು, ಆಗಷ್ಟೇ ಹಡಗಿಳಿದಿದ್ದ ಯಹೂದಿ, ಹಂಗೇರಿಯನ್, ಇಟಾಲಿಯನ್, ರಷ್ಯನ್ ವಲಸಿಗರಲ್ಲಿ ಸುಮಾರು 150 ಜನರ ಮೇಲೆ ಪ್ರಯೋಗಿಸಿದರು. ಐವರಲ್ಲಿ ನಾಲ್ವರು ಮಂದಬುದ್ಧಿಯವರೆಂದು 1917ರಲ್ಲಿ ಪ್ರಕಟವಾಯಿತು. ದಿನಗಟ್ಟಲೆ ಸಮುದ್ರದ ಮೇಲಿದ್ದು, ಅರ್ಥವಾಗದ ಭಾಷೆಯ ದೇಶದಲ್ಲಿ ಕಂಗಾಲಾಗಿ ನಿಂತವರಿಂದ ಬೇರೆ ಯಾವ ಫಲಿತಾಂಶವನ್ನು ನಿರೀಕ್ಷಿಸಿದ್ದರೋ!

ಮೊದಲ ಮಹಾಯುದ್ಧದಲ್ಲಿ ಅಮೆರಿಕ 17 ಲಕ್ಷಕ್ಕೂ ಹೆಚ್ಚು ಸೈನಿಕರಿಗೆ ಇಂಥ ಪರೀಕ್ಷೆ ಕೊಟ್ಟಿತು. ಆ ಅಂಕಗಳನ್ನು ಮುಂದಿಟ್ಟುಕೊಂಡು ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್ 1923ರಲ್ಲಿ ಯುರೋಪಿನ ಜನಾಂಗಗಳನ್ನೇ ಮೇಲು ಕೀಳೆಂದು ವಿಂಗಡಿಸಿದರು. ಮರುವರ್ಷ ದಕ್ಷಿಣ ಮತ್ತು ಪೂರ್ವ ಯುರೋಪಿನವರಿಗೆ ಬಾಗಿಲು ಮುಚ್ಚುವ ವಲಸೆ ಕಾಯ್ದೆ ಬಂತು. ಪರೀಕ್ಷೆಗಳಿಲ್ಲದಿದ್ದರೂ ಆ ಕಾಯ್ದೆ ಬರುತ್ತಿತ್ತು, ಸಂಸದರು ಮನಶ್ಶಾಸ್ತ್ರಜ್ಞರನ್ನು ಅಷ್ಟಾಗಿ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ ಎಂಬ ವಾದವಿದೆ. ಅದರಲ್ಲಿ ಹುರುಳೂ ಇದೆ. ಆದರೆ ವರ್ಜೀನಿಯಾದ ಕ್ಯಾರಿ ಬಕ್ ಪ್ರಕರಣದಲ್ಲಿ ಹಾಗೆ ಹೇಳುವಂತಿಲ್ಲ. ಆಕೆಯ ಮನೋವಯಸ್ಸು ಒಂಬತ್ತು ಎಂದು ಬಿನೆ ಪರೀಕ್ಷೆಯ ಅಮೆರಿಕನ್ ಆವೃತ್ತಿ ಹೇಳಿತ್ತು, ಆ ಸಂಖ್ಯೆ ನ್ಯಾಯಾಲಯದ ಕಡತ ಸೇರಿತ್ತು. ಆಕೆಗೆ ಒತ್ತಾಯದ ಸಂತಾನಹರಣ ಚಿಕಿತ್ಸೆ ಮಾಡುವ ಆದೇಶವನ್ನು ಸುಪ್ರೀಂ ಕೋರ್ಟ್ 1927ರಲ್ಲಿ ಎತ್ತಿಹಿಡಿಯಿತು. ಇಂಥ ಕಾನೂನುಗಳಡಿ ಆ ದೇಶದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರು 60,000ಕ್ಕೂ ಹೆಚ್ಚು. ಬ್ರಿಗಮ್ ತಮ್ಮ ತೀರ್ಮಾನಕ್ಕೆ ಆಧಾರವಿಲ್ಲವೆಂದು 1930ರಲ್ಲಿ ಪ್ರಾಮಾಣಿಕವಾಗಿಯೇ ಒಪ್ಪಿಕೊಂಡರು. ದೇಶವಾರು ಕೋಟಾ ಮಾತ್ರ 1965ರವರೆಗೂ ನಡೆಯಿತು.

ಸಂಶೋಧಕ ತಪ್ಪನ್ನು ಹಿಂತೆಗೆದುಕೊಳ್ಳಬಹುದು, ಆ ತಪ್ಪಿನ ಫಲ ಉಂಡವರಿಗೆ ಆ ಅವಕಾಶವಿಲ್ಲ. ಸಂಶೋಧನಾ ನೀತಿ ಶುರುವಾಗಬೇಕಿದ್ದುದೇ ಇಲ್ಲಿಂದ ಎಂಬುದು ನನ್ನ ವಾದ. ಶುರುವಾದದ್ದು ಬೇರೆ ಕಡೆಯಿಂದ. 1947ರ ನ್ಯೂರೆಂಬರ್ಗ್ ಸಂಹಿತೆಯಾಗಲಿ, 1979ರ ಬೆಲ್ಮಾಂಟ್ ವರದಿಯಾಗಲಿ ಮುಖ್ಯವಾಗಿ ಕಾಯ್ದದ್ದು ಪ್ರಯೋಗದ ಕೋಣೆಯೊಳಗೆ ಕೂತ ವ್ಯಕ್ತಿಯನ್ನು: ಅವನಿಗೆ ವಿಷಯ ತಿಳಿಸಿದಿರಾ, ಒಪ್ಪಿಗೆ ಪಡೆದಿರಾ, ನೋವಾಯಿತೇ? ಆ ವ್ಯಕ್ತಿಯ ಉತ್ತರಗಳಿಂದ ಇಡೀ ಒಂದು ಸಮುದಾಯದ ಬಗ್ಗೆ ತೀರ್ಪು ಹೊರಟರೆ, ಸಹಿ ಹಾಕದ ಆ ಲಕ್ಷಾಂತರ ಜನರ ಪರವಾಗಿ ಕೇಳುವವರು ಯಾರು? 1981ರ ಅಮೆರಿಕನ್ ನಿಯಮವಂತೂ, ಸಂಶೋಧನೆಯ ಜ್ಞಾನವನ್ನು ಬಳಸುವುದರಿಂದ ಸಾರ್ವಜನಿಕ ನೀತಿಯ ಮೇಲಾಗಬಹುದಾದ ದೂರಗಾಮಿ ಪರಿಣಾಮವನ್ನು ಸಂಶೋಧನೆಗೆ ಅನುಮತಿ ಕೊಡುವ ಪರಿಶೀಲನಾ ಸಮಿತಿಗಳು ಅಪಾಯವಾಗಿ ಲೆಕ್ಕಿಸಬಾರದೆಂದೇ ಹೇಳಿತು.

ಇದನ್ನು ಬರೀ ಹೃದಯಹೀನತೆ ಎಂದು ತಳ್ಳಿಹಾಕುವಂತಿಲ್ಲ. ಸ್ಟೀಫನ್ ಸೆಸಿ ಮತ್ತು ಸಂಗಡಿಗರು ಕಲ್ಪಿತ ಪ್ರಸ್ತಾವಗಳನ್ನು ವಿಶ್ವವಿದ್ಯಾಲಯಗಳ ಸಮಿತಿಗಳಿಗೆ ಕಳಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಮಾಜಿಕವಾಗಿ ಸೂಕ್ಷ್ಮವಾದ ವಿಷಯಗಳು ತಿರಸ್ಕೃತವಾಗುವ ಸಾಧ್ಯತೆ ಉಳಿದವಕ್ಕಿಂತ ಇಮ್ಮಡಿಯಿತ್ತು. ಸಮಿತಿಗೆ ಪರಿಣಾಮ ತೂಗುವ ಅಧಿಕಾರ ಕೊಟ್ಟರೆ ಅದು ತನಗೆ ಹಿಡಿಸದ ಸತ್ಯವನ್ನು ಬಾಗಿಲಲ್ಲೇ ತಡೆಯುತ್ತದೆ ಎಂಬ ಭಯ ನಿಜವಾದದ್ದು. 1988ರಲ್ಲಿ ಜೋನ್ ಸೀಬರ್ ಮತ್ತು ಬಾರ್ಬರಾ ಸ್ಟ್ಯಾನ್ಲಿ ಈ ಬಗೆಯ ಸಂಶೋಧನೆಯ ನೀತಿಯನ್ನು ಮನಶ್ಶಾಸ್ತ್ರದ ಒಂದು ಪತ್ರಿಕೆಯಲ್ಲಿ ಚರ್ಚಿಸಿದಾಗ ಅದರಲ್ಲೇ ಸಾಂಡ್ರಾ ಸ್ಕಾರ್ ಕೂಡ, ಜನಾಂಗ ಮತ್ತು ಲಿಂಗದ ಪ್ರಶ್ನೆಗಳಿಂದ ಹಿಂಜರಿದರೆ ನಷ್ಟ ಆ ಜನರಿಗೇ ಎಂದು ವಾದಿಸಿದ್ದರು. ನಾನು ಸ್ಕಾರ್ ಮಾತನ್ನು ಒಪ್ಪುತ್ತೇನೆ, ಆದರೆ ಅದು ಸೀಬರ್–ಸ್ಟ್ಯಾನ್ಲಿಯವರಿಗೆ ಉತ್ತರವೆಂದು ಒಪ್ಪುವುದಿಲ್ಲ. ವಿಷಯವನ್ನು ಮುಟ್ಟಬೇಡಿ ಎಂದು ಅವರಿಬ್ಬರೂ ಹೇಳಲಿಲ್ಲ. ಪ್ರಶ್ನೆಯನ್ನು ಹೇಗೆ ಕಟ್ಟಿದ್ದೀರಿ, ಹೇಗೆ ನಡೆಸಿದಿರಿ, ಯಾವ ಸಂಸ್ಥೆಯ ನೆರಳಲ್ಲಿ ಮಾಡಿದಿರಿ, ಫಲಿತಾಂಶಕ್ಕೆ ಯಾವ ಅರ್ಥ ಹಚ್ಚಿದಿರಿ ಎಂಬುದಕ್ಕೆಲ್ಲ ಹೊಣೆ ಹೊರಿ ಎಂದರು. ಅಳತೆ ಅದೇ ಇದ್ದರೂ ಬಳಕೆ ಬದಲಾದರೆ ಫಲವೂ ಬದಲಾಗುತ್ತದೆ: ಬಿನೆಯ ಅಳತೆಯನ್ನೇ ವಿ.ವಿ. ಕಾಮತ್ 1930ರ ದಶಕದಲ್ಲಿ ಧಾರವಾಡದ ಮಕ್ಕಳ ಮೇಲೆ ಪರೀಕ್ಷಿಸಿ ಕನ್ನಡ, ಮರಾಠಿಗೆ ಹೊಂದಿಸಿದರು. ಬಿನೆ–ಕಾಮತ್ ಪರೀಕ್ಷೆಯ ಅಂಕ ನಮ್ಮಲ್ಲಿ ಮಗುವಿಗೆ ಅಂಗವೈಕಲ್ಯ ಪ್ರಮಾಣಪತ್ರದ, ಆ ಮೂಲಕ ನೆರವಿನ ದಾರಿಯಾಗಿದೆ. ಅಂಕಕ್ಕಿಂತ ಅದನ್ನು ಯಾರ ಕೈಗೆ, ಯಾತಕ್ಕೆ ಕೊಡುತ್ತೇವೆ ಎಂಬುದು ದೊಡ್ಡದು.

ಪ್ರಶ್ನೆ ಕಟ್ಟುವ ಬಗೆಗೆ ಮನಶ್ಶಾಸ್ತ್ರಜ್ಞೆ ಎವೆಲಿನ್ ಹುಕರ್ ಅವರ 1957ರ ಅಧ್ಯಯನಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಸಲಿಂಗಿಗಳ ಬಗೆಗಿನ ಅಲ್ಲಿಯವರೆಗಿನ ತಿಳಿವಳಿಕೆ ಬಹುಪಾಲು ಆಸ್ಪತ್ರೆ, ಜೈಲುಗಳಲ್ಲಿ ಸಿಕ್ಕವರನ್ನು ನೋಡಿ ಬಂದದ್ದು. ಹುಕರ್ ಚಿಕಿತ್ಸೆಯಲ್ಲಿಲ್ಲದ 30 ಸಲಿಂಗಿ ಪುರುಷರನ್ನೂ 30 ಭಿನ್ನಲಿಂಗಿ ಪುರುಷರನ್ನೂ ಆರಿಸಿ, ಅವರ ಪರೀಕ್ಷೆಯ ಉತ್ತರಗಳನ್ನು ಹೆಸರು ಮರೆಮಾಡಿ ತಜ್ಞರ ಮುಂದಿಟ್ಟರು. ಯಾರು ಯಾರೆಂದು ತಜ್ಞರಿಗೆ ಬಿಡಿಸಿ ಹೇಳಲಾಗಲಿಲ್ಲ. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆದಾಗ ಈ ಅಧ್ಯಯನ ವಾದದ ಆಧಾರಗಳಲ್ಲಿ ಒಂದಾಗಿತ್ತು. ತಮ್ಮಂಥವರನ್ನು ಅಧ್ಯಯನ ಮಾಡಿ ಎಂದು ಹುಕರ್ ಅವರನ್ನು ಮೊದಲು ಒತ್ತಾಯಿಸಿದ್ದು ಸ್ವತಃ ಸಲಿಂಗಿಯಾಗಿದ್ದ ಅವರ ಹಳೆಯ ವಿದ್ಯಾರ್ಥಿ.